ಮೆತ್ತಗಿದೆ ಅಂತ ತಗೊಂಡ ಕ್ಲೇಯಲ್ಲಿ ಎಸಳು ನಿಲ್ಲಲಿಲ್ಲ. ಯಾವ ಕೆಲಸಕ್ಕೆ ಯಾವ ಪಾಲಿಮರ್ ಕ್ಲೇ?

ಎಸಳುಎಳೆ:

ಎಲ್ಲರಿಗೂ ನಮಸ್ಕಾರ. ನಾನು ಪಾಲಿಮರ್ ಕ್ಲೇ, ಅಂದರೆ ಓವನ್ನಿನಲ್ಲಿ ಬೇಯಿಸಿ ಗಟ್ಟಿ ಮಾಡುವ ಕ್ಲೇ, ಹಿಡಿದು ಎಂಟು ತಿಂಗಳಾಯಿತು. ಇಷ್ಟು ದಿನ ಮಣಿ, ಗುಂಡಿ, ಕೀ ಚೈನಿಗೆ ಬೆಕ್ಕಿನ ಮುಖ, ಇಂಥವನ್ನೇ ಮಾಡಿಕೊಂಡಿದ್ದೆ. ಎಲ್ಲ ದಪ್ಪ ದಪ್ಪ ಸಾಮಾನು, ಕೆಳಗೆ ಬಿದ್ದರೂ ಏನೂ ಆಗುತ್ತಿರಲಿಲ್ಲ.

ಹೋದ ತಿಂಗಳು ಅಕ್ಕನಿಗೆಂದು ಮೊದಲ ಸಲ ಹೂವಿನ ಓಲೆ ಮಾಡಿದೆ. ಒಂದು ಹೂವಿಗೆ ಐದು ಎಸಳು. ಪ್ರತಿ ಎಸಳಿನ ಅಂಚನ್ನೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕಾಗದದಷ್ಟು ತೆಳ್ಳಗೆ ಮಾಡಿ, ಸ್ವಲ್ಪ ಹೊರಕ್ಕೆ ಸುರುಳಿಸಿದ್ದೆ. ಮೂರು ಸಂಜೆಯ ಕೆಲಸ. ಅಕ್ಕ ಹಾಕಿಕೊಂಡಿದ್ದು ಎರಡೇ ಸಲ. ಎರಡನೇ ಸಲ ಸ್ವೆಟರ್ ತೆಗೆಯುವಾಗ ನೂಲು ಸಿಕ್ಕಿಕೊಂಡು ಎರಡು ಎಸಳು ಟಕ್ಕಂತ ಮುರಿದವು. ಅವಳು ಆ ಚೂರುಗಳನ್ನು ಕಾಗದದಲ್ಲಿ ಮಡಚಿ ತಂದುಕೊಟ್ಟು, "ಅಂಟಿಸೋಕೆ ಆಗುತ್ತಾ ನೋಡು" ಅಂದಳು. ಆ ಪೊಟ್ಟಣ ಇನ್ನೂ ನನ್ನ ಮೇಜಿನ ಮೇಲೇ ಇದೆ. ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದೆ: ಸೀಮೆಸುಣ್ಣ ಮುರಿದರೆ ಹೇಗಿರುತ್ತೋ ಹಾಗೆ, ಹೊಳಪಿಲ್ಲದೆ ತರಿತರಿಯಾಗಿದೆ.

ಕ್ಲೇ ಆರಿಸಿಕೊಂಡಿದ್ದು ಹೀಗೆ: ಅಂಗಡಿಯಲ್ಲಿ ನಾಲ್ಕೈದು ಪ್ಯಾಕೆಟ್ ಒತ್ತಿ ನೋಡಿದೆ, ಯಾವುದು ಬೆರಳಿಗೆ ಮೆತ್ತಗೆ ಸಿಕ್ಕಿತೋ ಅದನ್ನೇ ತಗೊಂಡೆ. ಗಟ್ಟಿ ಇದ್ದವು ಹಳೇ ಮಾಲು ಅಂದುಕೊಂಡೆ. ಬೇಯಿಸಿದ್ದು ಸಣ್ಣ ಟೋಸ್ಟರ್ ಓವನ್ನಿನಲ್ಲಿ, ಗುಂಡಿಯನ್ನು 130ಕ್ಕೆ ತಿರುಗಿಸಿ, 12 ನಿಮಿಷ. ಎಸಳು ತೆಳ್ಳಗಿವೆ, ಹೆಚ್ಚು ಹೊತ್ತು ಬಿಟ್ಟರೆ ಸುಟ್ಟುಹೋಗುತ್ತವೆ ಅನ್ನೋ ಭಯ ನನಗೆ.

ಈಗ ಮೂರು ಕೆಲಸ ಮನಸ್ಸಿನಲ್ಲಿವೆ. ಅದೇ ಓಲೆಯನ್ನು ಮತ್ತೆ ಮಾಡಬೇಕು, ಈ ಸಲ ಮುರಿಯಬಾರದು. ಎರಡನೆಯದು, ಕೇನ್ (ಒಳಗೆ ಉದ್ದಕ್ಕೂ ಚಿತ್ರ ಬರುವ ಹಾಗೆ ಬಣ್ಣದ ಕ್ಲೇಗಳನ್ನು ಜೋಡಿಸಿದ ಕಟ್ಟು) ಕಟ್ಟಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಮಣಿಗಳ ಮೇಲೆ ಹೂವು ಕೂರಿಸುವುದು. ಮೂರನೆಯದು, ಅಂಗೈ ಎತ್ತರದ ಒಂದು ಅಜ್ಜಿ ಗೊಂಬೆ. ಮುಖದ ಸುಕ್ಕು, ಕೈಬೆರಳ ಗಂಟು ಎಲ್ಲ ಬರಬೇಕು. ಮೂರಕ್ಕೂ ಒಂದೇ ಕ್ಲೇ ಸಾಕಾ, ಬೇರೆ ಬೇರೆ ಬೇಕಾ? ನೀವೇ ಕೈಯಾರೆ ಮಾಡಿ ನೋಡಿದ್ದನ್ನು ಹೇಳಿದರೆ ತುಂಬ ಉಪಕಾರ.

ಬಣ್ಣದಬಿಲ್ಲೆ:

ನಾನು ಮಾಡುವುದು ಓಲೆ, ಪದಕ, ಅಷ್ಟೇ. ನಾಲ್ಕು ವರ್ಷದಿಂದ ಪ್ರೀಮೋ ಅನ್ನೋ ಬ್ರಾಂಡಿನ ಕ್ಲೇ ಒಂದನ್ನೇ ಬಳಸುತ್ತಿದ್ದೇನೆ, ಓಲೆಗೆ ಬೇರೆ ಬೇಕು ಅನಿಸಿಲ್ಲ. ಬೆಂದ ಮೇಲೆ ತೆಳು ಹಾಳೆ ಬಾಗುತ್ತೆ, ಮುರಿಯಲ್ಲ. ಅದರಲ್ಲೇ ಮುತ್ತಿನ ಹೊಳಪಿನ ಬಣ್ಣಗಳೂ ಇವೆ, ಅವುಗಳಲ್ಲಿ ಅಭ್ರಕದ ಚೂರು ಇರುತ್ತೆ. ಹಾಳೆಯನ್ನು ಒಂದೇ ದಿಕ್ಕಿನಲ್ಲಿ ಲಟ್ಟಿಸುತ್ತಾ ಹೋದರೆ ಚೂರುಗಳೆಲ್ಲ ಒಂದೇ ಕಡೆ ಮುಖ ಮಾಡಿ ಲೋಹದ ಹಾಗೆ ಮಿಂಚುತ್ತವೆ. ಓಲೆಗೆ ಬಹಳ ಚೆನ್ನ. ಗೊಂಬೆ ವಿಷಯ ನನಗೆ ಗೊತ್ತಿಲ್ಲ, ಗೊತ್ತಿರುವವರು ಹೇಳಲಿ. ಆದರೆ 12 ನಿಮಿಷ ಸಾಲದು ಅಂತ ಖಂಡಿತ ಹೇಳಬಲ್ಲೆ.

ನಾದುಗೈ:

ಎಸಳುಎಳೆ ಅವರೇ, ಆ ಪೊಟ್ಟಣ ಬಿಸಾಡಬೇಡಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಹೆಸರಿನಲ್ಲಿ ಕ್ಲೇ ಅಂತಿದ್ದರೂ ಇದು ಮಣ್ಣಲ್ಲ. ಹಿಟ್ಟಿಗಿಂತ ನುಣ್ಣಗಿರುವ, ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಪುಡಿ, ಅದನ್ನು ಮೆದುವಾಗಿಡುವ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ, ಬಣ್ಣ, ಗಾತ್ರ ತುಂಬಲು ಒಂದಿಷ್ಟು ಫಿಲ್ಲರ್ ಪುಡಿ. ನೀರಿನ ಅಂಶವೇ ಇಲ್ಲ, ಹಾಗಾಗಿ ಒಣಗಿ ಗಟ್ಟಿಯಾಗುವ ಮಾತೂ ಇಲ್ಲ. ಬಿಸಿ ತಗುಲಿದಾಗ ಪಿವಿಸಿ ಕಣಗಳು ಆ ದ್ರವವನ್ನು ಹೀರಿಕೊಂಡು ಉಬ್ಬಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆಸುಗೆ ಪೂರ್ತಿಯಾದರೆ ತುಂಡು ಬಾಗುತ್ತದೆ. ಅರ್ಧಕ್ಕೇ ನಿಂತರೆ ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಕಣಗಳು ಬಿಡಿಬಿಡಿಯಾಗಿಯೇ ಇರುತ್ತವೆ, ಮುರಿದರೆ ಸೀಮೆಸುಣ್ಣದ ತರಿ. ನೀವು ಕಂಡಿದ್ದು ಅದನ್ನೇ. ಅಂದರೆ ನಿಮ್ಮ ಎಸಳಿನ ವಿಷಯದಲ್ಲಿ ಇಬ್ಬರ ಮೇಲೆ ಅನುಮಾನ ಪಡಬೇಕು, ಕ್ಲೇ ಒಂದು, ಓವನ್ ಒಂದು. ಕ್ಲೇ ಬದಲಾಯಿಸಿ 12 ನಿಮಿಷವನ್ನು ಹಾಗೇ ಉಳಿಸಿಕೊಂಡರೆ ಹೊಸ ಓಲೆಗೂ ಅದೇ ಗತಿ.

ಮೊದಲು ಮೆತ್ತಗಿನ ವಿಷಯ. ಹಸಿಯಾಗಿದ್ದಾಗಿನ ಮೆದುತನಕ್ಕೂ ಬೆಂದ ಮೇಲಿನ ಬಲಕ್ಕೂ ಸಂಬಂಧ ಕಟ್ಟಬೇಡಿ. ನನಗೂ ಇದು ತಿಳಿಯಲು ಎರಡು ವರ್ಷ ಹಿಡಿಯಿತು, ಯಾಕೆಂದರೆ ಬೆರಳಿಗೆ ಹಿತವಾಗಿದ್ದನ್ನು ಕೈ ಬಿಡಲು ಮನಸ್ಸು ಬರುವುದಿಲ್ಲ. ಸ್ಕಲ್ಪಿ 3 ತರಹದ ಮೆದು ಕ್ಲೇಗಳು ಮಕ್ಕಳ ಕೈಗೂ, ದಪ್ಪ ಮಣಿಗೂ, ಪುಟ್ಟ ಪ್ರಾಣಿಗಳಿಗೂ ಒಳ್ಳೆಯವು. ಎಷ್ಟು ಸರಿಯಾಗಿ ಬೇಯಿಸಿದರೂ ತೆಳು ಭಾಗಕ್ಕೆ ಅವು ಅಲ್ಲ. ಪ್ರೀಮೋ, ಫಿಮೋ ಪ್ರೊಫೆಷನಲ್, ಸರ್ನಿಟ್, ಕೇಟೋ, ಈ ನಾಲ್ಕೂ ತೆಳುವಿನಲ್ಲಿ ತಾಳುತ್ತವೆ. ಸ್ಕಲ್ಪಿ ಸೂಫ್ಲೆ ಕೂಡ ತಾಳುತ್ತದೆ, ಜೊತೆಗೆ ಹಗುರ. ದೊಡ್ಡ ಓಲೆ ಮಾಡುವವರಿಗೆ ಕಿವಿ ಜಗ್ಗದ ಹಾಗೆ ಇರುತ್ತದೆ. ಮೇಲ್ಮೈ ಮಾತ್ರ ಹೊಳಪಿಲ್ಲದ, ಮೃದು ಚರ್ಮದಂಥ ಸ್ಪರ್ಶ. ಹೊಳಪು ಬೇಕೆಂದರೆ ಅದನ್ನು ಆರಿಸಬೇಡಿ.

ನನ್ನ ಮಾತನ್ನೂ ನಂಬಬೇಡಿ, ಪಟ್ಟಿ ಮಾಡಿ ನೋಡಿ. ನಾನು ಯಾವ ಹೊಸ ಕ್ಲೇ ತಂದರೂ ಮೊದಲು 2 ಮಿಲಿಮೀಟರ್ ದಪ್ಪದ, ಬೆರಳಗಲದ, ಬೆರಳುದ್ದದ ಒಂದು ಪಟ್ಟಿ ಕತ್ತರಿಸುತ್ತೇನೆ. ತುದಿಯಲ್ಲಿ ತೂತು ಚುಚ್ಚಿ, ಸೂಜಿಯಿಂದ ಕ್ಲೇ ಹೆಸರು, ಉಷ್ಣತೆ, ನಿಮಿಷ ಗೀರುತ್ತೇನೆ. ಬೇಯಿಸಿ ಪೂರ್ತಿ ಆರಲು ಬಿಡುತ್ತೇನೆ. ಬಿಸಿಯಿದ್ದಾಗ ಒಳ್ಳೆಯ ಕ್ಲೇ ಕೂಡ ಬಲಹೀನ, ಆಗ ಪರೀಕ್ಷೆ ಮಾಡಿದರೆ ಸುಳ್ಳು ಉತ್ತರ ಸಿಗುತ್ತದೆ. ಆರಿದ ಮೇಲೆ ಎರಡೂ ತುದಿ ಹಿಡಿದು ನಿಧಾನಕ್ಕೆ ಬಗ್ಗಿಸಿ. ಸರಿಯಾಗಿ ಬೆಂದ ಗಟ್ಟಿ ಕ್ಲೇ ಬಿಲ್ಲಿನ ಹಾಗೆ ಬಾಗುತ್ತಾ ಹೋಗುತ್ತದೆ, ಬಿಟ್ಟರೆ ತನ್ನಷ್ಟಕ್ಕೆ ಹಿಂದಕ್ಕೆ ಬರುತ್ತದೆ. ಸಾಲದ್ದು ಸ್ವಲ್ಪ ಬಾಗಿ, ಮೇಲ್ಮೈಯಲ್ಲಿ ಕೂದಲೆಳೆಯಂಥ ಗೆರೆ ಬಿದ್ದು, ಅಲ್ಲೇ ತುಂಡಾಗುತ್ತದೆ. ನನ್ನ ಬಳಿ ಅಂಥ ಪಟ್ಟಿಗಳ ಎರಡು ಗೊಂಚಲು ದಾರದಲ್ಲಿ ನೇತಾಡುತ್ತಿವೆ, ಏನೇ ಅನುಮಾನ ಬಂದರೂ ಮೊದಲು ಅವನ್ನೇ ಮುಟ್ಟಿ ನೋಡುತ್ತೇನೆ.

ಓವನ್ ಬಗ್ಗೆ ಇದೊಂದನ್ನು ದಯವಿಟ್ಟು ಕೇಳಿ: ಗುಂಡಿಯ ಮೇಲಿನ ಅಂಕಿ ನಂಬಬೇಡಿ. ಒಳಗಿಡುವ ಓವನ್ ಥರ್ಮಾಮೀಟರ್ ಒಂದು ತನ್ನಿ. ಟೋಸ್ಟರ್ ಓವನ್ನಿನಲ್ಲಿ ಕಾಯುವ ಕಂಬಿ ಹತ್ತಿರವಿರುವುದರಿಂದ ಒಂದು ಗಳಿಗೆ ಬಿಸಿ ಏರಿ, ಇನ್ನೊಂದು ಗಳಿಗೆ ಇಳಿಯುತ್ತಿರುತ್ತದೆ. ಸಾಮಾನಿನ ಕೆಳಗೆ ಸೆರಾಮಿಕ್ ಟೈಲ್ ಇಟ್ಟರೆ ಈ ಏರಿಳಿತ ತಗ್ಗುತ್ತದೆ. ಟೈಲಿನ ಮೇಲೊಂದು ಬಿಳಿ ಕಾಗದ ಹಾಸಿ, ಇಲ್ಲದಿದ್ದರೆ ತಾಗಿದ ಕಡೆ ಹೊಳೆಯುವ ಕಲೆ ಬೀಳುತ್ತದೆ. ಮೇಲಿಂದ ಅಲ್ಯೂಮಿನಿಯಂ ಫಾಯಿಲ್ ಗುಡಾರದ ಹಾಗೆ ಮುಚ್ಚಿ. ಫಿಮೋಗೆ 110 ಡಿಗ್ರಿ, 30 ನಿಮಿಷ. ಪ್ರೀಮೋಗೆ 130ರ ಆಸುಪಾಸು, 6 ಮಿಲಿಮೀಟರ್ ದಪ್ಪಕ್ಕೆ 30 ನಿಮಿಷದ ಲೆಕ್ಕ. ಸರ್ನಿಟ್ 110ರಿಂದ 130. ಕೇಟೋಗೆ 150 ಬೇಕು. ತೆಳ್ಳಗಿದೆ ಅಂತ ಸಮಯ ಕಡಿಮೆ ಮಾಡಬೇಡಿ. ಹೆಚ್ಚು ಹೊತ್ತು ಬೇಯುವುದರಿಂದ ಕ್ಲೇ ಸುಡುವುದಿಲ್ಲ, ಹೆಚ್ಚು ಬಿಸಿಯಿಂದ ಸುಡುತ್ತದೆ. ನಾನು ಓಲೆಗಳನ್ನು ಒಂದು ಗಂಟೆ ಬಿಡುತ್ತೇನೆ. ಆದರೆ ನಿಜಕ್ಕೂ ಸುಟ್ಟರೆ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ, ಕಣ್ಣು ಮೂಗು ಉರಿಯುತ್ತದೆ. ಘಾಟು ಬಂದರೆ ಓವನ್ ಆರಿಸಿ, ಕಿಟಕಿ ತೆರೆದು, ಎಲ್ಲರೂ ಹೊರಗೆ ಬನ್ನಿ.

ಇನ್ನು ಕೇನ್. ಇಲ್ಲಿ ಗಡಸು ಕ್ಲೇಯೇ ಬೇಕು: ಫಿಮೋ ಪ್ರೊಫೆಷನಲ್ ಅಥವಾ ಕೇಟೋ. ಕೇನ್ ಅಂದರೆ ಏನು ಮಾಡುತ್ತೇವೆ? ದಪ್ಪ ಕಟ್ಟನ್ನು ಸುತ್ತಲೂ ಒತ್ತುತ್ತಾ, ಉರುಳಿಸುತ್ತಾ, ಒಳಗಿನ ಚಿತ್ರ ಕೆಡದ ಹಾಗೆ ಸಣ್ಣ ಮಾಡುತ್ತೇವೆ. ಮೆದು ಕ್ಲೇಯಲ್ಲಿ ಬಣ್ಣಗಳು ಒಂದರೊಳಗೊಂದು ಕಲಸಿಕೊಳ್ಳುತ್ತವೆ, ಬ್ಲೇಡ್ ಇಟ್ಟರೆ ಬಿಲ್ಲೆ ಚಪ್ಪಟೆಯಾಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಎಂದರೆ ಒಂದೇ ಕೇನಿನಲ್ಲಿ ಎರಡು ಹದ ಸೇರುವುದು. ಒಮ್ಮೆ ಎಲೆಯ ಕೇನ್ ಕಟ್ಟುವಾಗ ಹಸಿರು ಗಡಸಾಗಿತ್ತು, ನರಗಳಿಗೆ ಹಾಕಿದ ಬಿಳಿ ಮೆತ್ತಗಿತ್ತು. ಉದ್ದ ಎಳೆದು ನಡುವೆ ಕತ್ತರಿಸಿ ನೋಡಿದರೆ ಎಲೆಯಲ್ಲಿ ನರವೇ ಇಲ್ಲ! ಬಿಳಿಯೆಲ್ಲ ಎರಡೂ ತುದಿಗೆ ಹರಿದು ಕೂತಿತ್ತು. ಆಮೇಲಿಂದ ಕೇನ್ ಕಟ್ಟುವ ಮುಂಚೆ ಪ್ರತಿ ಬಣ್ಣವನ್ನೂ ಒಂದೇ ಗಾತ್ರದ ಗೋಲಿ ಮಾಡಿ, ಕಣ್ಣು ಮುಚ್ಚಿ ಒತ್ತಿ ನೋಡುತ್ತೇನೆ. ಯಾವುದು ಬೆರಳಿಗೆ ಬೇಗ ಸೋಲುತ್ತದೋ ಅದನ್ನು ಹಾಳೆ ಮಾಡಿ ಎರಡು ಬಿಳಿ ಕಾಗದದ ನಡುವೆ ಭಾರ ಹೇರಿ ಇಟ್ಟರೆ ಕಾಗದ ಎಣ್ಣೆ ಹೀರಿ ಕ್ಲೇ ಬಿಗಿಯಾಗುತ್ತದೆ. ಒಂದೆರಡು ಗಂಟೆಗೊಮ್ಮೆ ತೆಗೆದು ನೋಡುತ್ತಿರಿ, ಮರೆತರೆ ಪುಡಿಯಾಗಿಬಿಡುತ್ತದೆ. ಕಟ್ಟಿದ ಕೇನನ್ನು ಒಂದು ರಾತ್ರಿ ಸುಮ್ಮನೆ ಬಿಟ್ಟು, ತಂಪಾದ ಮೇಲೆ ಕತ್ತರಿಸಿ. ಪ್ರತಿ ಬಿಲ್ಲೆಗೂ ಕೇನನ್ನು ಕಾಲು ಸುತ್ತು ತಿರುಗಿಸಿದರೆ ಒಂದೇ ಕಡೆ ಜಜ್ಜಿಹೋಗುವುದಿಲ್ಲ.

ಗೊಂಬೆಯ ಬಗ್ಗೆ ಗೊಂಬೆಮನೆ ಅವರು ಹೇಳಬೇಕು, ಆ ಕೈ ನನ್ನದಲ್ಲ.

ಎಸಳುಎಳೆ:

ಇಷ್ಟು ವಿವರವಾಗಿ ಬರೆದಿದ್ದೀರಿ, ಧನ್ಯವಾದ. ಎರಡು ಸಲ ಓದಿದೆ. ಮೂರು ಅನುಮಾನ ಉಳಿದಿವೆ. ಒಂದು, ಕಡಿಮೆ ಬೆಂದಿದ್ದನ್ನು ಮತ್ತೆ ಬೇಯಿಸಬಹುದಾ? ಎರಡು, ಮನೆಯಲ್ಲಿರುವ ಮೆದು ಕ್ಲೇ ಹತ್ತು ಬಣ್ಣದ್ದಿದೆ, ಅದಕ್ಕೆ ಗಡಸು ಕ್ಲೇ ಬೆರೆಸಿದರೆ ನಡೆಯುತ್ತಾ? ಮೂರು, ಅಕ್ಕನ ಎಸಳುಗಳನ್ನು ಅಂಟಿಸುವುದು ಹೇಗೆ?

ನಾದುಗೈ:

ಬೇಯಿಸಬಹುದು, ಎಷ್ಟು ಸಲ ಬೇಕಾದರೂ. ಮುರಿಯದ ಎಸಳುಗಳಿರುವ ಆ ಹೂವನ್ನೇ ಇನ್ನೊಂದು ಗಂಟೆ ಓವನ್ನಿಗೆ ಹಾಕಿ. ಬೆರೆಸಲೂ ಬಹುದು. ಬೆರೆತಿದ್ದರ ಬಲ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ, ಹಾಗಾಗಿ ಅದಕ್ಕೂ ಒಂದು ಪಟ್ಟಿ ಮಾಡಿ ನೋಡಿ. ಎರಡು ಬಣ್ಣ ಪೂರ್ತಿ ಕೂಡಿ ಗೆರೆ ಮಾಯವಾಗುವ ತನಕ ನಾದಬೇಕು.

ಅಂಟಿಸಲು ಲಿಕ್ವಿಡ್ ಕ್ಲೇ, ಅಂದರೆ ದ್ರವರೂಪದ ಪಾಲಿಮರ್ ಕ್ಲೇ. ಮುರಿದ ಅಂಚಿಗೆ ಸೂಜಿಯಿಂದ ತೆಳ್ಳಗೆ ಸವರಿ ಜೋಡಿಸಿ, ಹಿಂಬದಿಯಲ್ಲಿ ಹಸಿ ಕ್ಲೇಯ ಪುಟ್ಟ ತೇಪೆ ಒತ್ತಿ, ಮತ್ತೆ ಬೇಯಿಸಿ. ಬರೀ ಅಂಚಿಗೆ ಅಂಚು ಅಂಟಿಸಿದರೆ ನಿಲ್ಲುವುದು ಕಷ್ಟ.

ಗೊಂಬೆಮನೆ:

ತಡವಾಗಿ ನೋಡಿದೆ. ಅಜ್ಜಿ ಗೊಂಬೆ ಅಂತ ಓದಿ ತುಂಬ ಖುಷಿಯಾಯಿತು. ಗೊಂಬೆಗೂ ಈ ಕ್ಲೇಗೂ ಹಳೆಯ ನಂಟು. ಜರ್ಮನಿಯಲ್ಲಿ ಗೊಂಬೆ ಮಾಡಿ ಹೆಸರಾದ ಕೇಥೆ ಕ್ರೂಸೆ ಅವರ ಮಗಳು ಸೋಫಿ ಈ ಮಾಧ್ಯಮವನ್ನು ಬೆಳೆಸಿದವರು. ಮನೆಯಲ್ಲಿ ಅವರನ್ನು ಫಿಫಿ ಅನ್ನುತ್ತಿದ್ದರು. ಫಿಫಿಯ ಮೊದಲಕ್ಷರ, ಮೋಸಾಯಿಕ್‌ನ ಮೊದಲಕ್ಷರ ಸೇರಿ ಫಿಮೋ ಆಯಿತು.

ಮುಖಕ್ಕೆ ನನ್ನ ಆಯ್ಕೆ ಸೂಪರ್ ಸ್ಕಲ್ಪಿ, ಚರ್ಮದ ಬಣ್ಣದ್ದು. ಅದರಲ್ಲಿ ಸ್ವಲ್ಪ ಪಾರದರ್ಶಕ ಗುಣವಿದೆ, ಬೆಳಕು ಮೇಲ್ಮೈಯಲ್ಲೇ ನಿಲ್ಲದೆ ಒಳಗೆ ಕೊಂಚ ಇಳಿಯುತ್ತದೆ. ಗೊಂಬೆಯ ಕೆನ್ನೆಯಲ್ಲಿ ಜೀವ ಬರುವುದು ಅಲ್ಲಿಂದ. ಸರ್ನಿಟ್ ಬೆಂದರೆ ಪಿಂಗಾಣಿಯಂತೆ ಕಾಣುತ್ತದೆ, ಎಳೆಯ ಮುಖಗಳಿಗೆ ಅದು ಸೊಗಸು. ಆದರೆ ಕೈಬಿಸಿಗೆ ಬೇಗ ಸಡಿಲವಾಗುತ್ತದೆ, ಸುಕ್ಕು ಗೀರಿದರೆ ಗೆರೆಯ ಅಂಚು ಮೊಂಡಾಗಿಬಿಡುತ್ತದೆ. ಅಜ್ಜಿಯ ಕಣ್ಣಿನ ಮೂಲೆಯ ಗೆರೆಗಳಿಗೆ ಹದ ಬಿಗಿಯಾಗಿರಬೇಕು. ನಾನು ಸೂಪರ್ ಸ್ಕಲ್ಪಿಗೆ ಅದೇ ಕಂಪನಿಯ ಬೂದು ಬಣ್ಣದ ಫರ್ಮ್ ಎಂಬ ಬಿಗಿ ಕ್ಲೇ ಸ್ವಲ್ಪ ಬೆರೆಸುತ್ತೇನೆ. ಚರ್ಮದ ಬಣ್ಣ ಸ್ವಲ್ಪ ಮಂಕಾಗುತ್ತದೆ, ವಯಸ್ಸಾದ ಮುಖಕ್ಕೆ ಅದೂ ಒಪ್ಪುತ್ತದೆ. ಮೇಲೆ ಬಣ್ಣ ಹಚ್ಚುವುದೇ ಆದರೆ ಫರ್ಮ್ ಒಂದರಲ್ಲೇ ಮಾಡಬಹುದು.

ತಲೆಯನ್ನು ಇಡಿಯಾಗಿ ಕ್ಲೇಯಲ್ಲಿ ಮಾಡಬೇಡಿ. ಅಲ್ಯೂಮಿನಿಯಂ ಫಾಯಿಲನ್ನು ಬಿಗಿಯಾಗಿ ಹಿಸುಕಿ ಮೊಟ್ಟೆಯಾಕಾರ ಮಾಡಿ, ಚಮಚದ ಬೆನ್ನಿನಿಂದ ಉಜ್ಜಿ ನುಣ್ಣಗೆ ಮಾಡಿಕೊಳ್ಳಿ. ಅದರ ಮೇಲೆ 5, 6 ಮಿಲಿಮೀಟರ್ ಕ್ಲೇ ಸಾಕು. ಒಳಗಿನ ತನಕ ಬೇಯುತ್ತದೆ, ಬಿರುಕೂ ಕಡಿಮೆ. ಬೆರಳುಗಳಿಗೆ ಸಣ್ಣ ತಂತಿ ಹಾಕಿ. ಕಣ್ಣುಗಳನ್ನು ಮೊದಲೇ ಬೇಯಿಸಿಟ್ಟುಕೊಂಡು ಆಮೇಲೆ ಮುಖದಲ್ಲಿ ಕೂರಿಸಿ, ಒತ್ತಿದರೂ ಅವುಗಳ ಆಕಾರ ಕೆಡುವುದಿಲ್ಲ.

ಸುಕ್ಕಿಗೆ ನಾನು ಕಂಡುಕೊಂಡ ದಾರಿ: ಮುಖದ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲಿಂದ ಸೂಜಿ ಎಳೆಯಿರಿ. ಗೆರೆಯ ಎರಡೂ ದಂಡೆ ತಾವಾಗಿಯೇ ಮೃದುವಾಗಿ ಉರುಟಾಗುತ್ತವೆ. ನೇರವಾಗಿ ಗೀರಿದರೆ ಚಾಕುವಿನಿಂದ ಕೊಯ್ದ ಹಾಗೆ ಕಾಣುತ್ತದೆ. ಬೆರಳಚ್ಚು, ಧೂಳಿನ ಎಳೆಗಳನ್ನು ಹತ್ತಿ ಕಡ್ಡಿಯಲ್ಲಿ ಸ್ವಲ್ಪ ಆಲ್ಕೊಹಾಲ್ ತಗೊಂಡು ಬೇಯಿಸುವ ಮುಂಚೆಯೇ ಒರೆಸಿ. ತಿಳಿ ಬಣ್ಣದ ಕ್ಲೇ ಕೋಣೆಯ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ನಾನು ಮುಖ ಮಾಡುವ ದಿನ ಬಿಳಿ ಹತ್ತಿಯ ಬಟ್ಟೆಯನ್ನೇ ಹಾಕಿಕೊಳ್ಳುತ್ತೇನೆ.

ಕೊನೆಗೆ ಮೆರುಗು ಬೇಕೆಂದು ನೈಲ್ ಪಾಲಿಶ್ ಹಚ್ಚಬೇಡಿ. ನನ್ನ ಮೊದಲ ಗೊಂಬೆಯ ತುಟಿಗೆ ಹಚ್ಚಿದ್ದೆ. ಕೆಲವು ತಿಂಗಳಲ್ಲಿ ಅಂಟಂಟಾಗಿ, ಧೂಳು ಕೂತು, ತುಟಿ ಕಪ್ಪಾಯಿತು. ಅದರ ದ್ರಾವಕ ಕ್ಲೇಯನ್ನೇ ಕರಗಿಸುತ್ತಾ ಹೋಗುತ್ತದೆ. ನೀರು ಆಧಾರಿತ ಅಕ್ರಿಲಿಕ್ ವಾರ್ನಿಶ್ ಬಳಸಿ. ಹಸಿ ಕ್ಲೇಯನ್ನು ಕಂಡ ಕಂಡ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲೂ ಇಡಬೇಡಿ, ಪಾಲಿಸ್ಟೈರೀನ್ ಆದರೆ ಡಬ್ಬಿಯೇ ಕರಗಿ ಅಂಟಿಕೊಳ್ಳುತ್ತದೆ. ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರುವ ಪಾಲಿಪ್ರೊಪಿಲೀನ್ ಡಬ್ಬಿ ಆಗುತ್ತದೆ.

ಎಸಳುಎಳೆ:

ಹನ್ನೆರಡು ದಿನದ ಮೇಲೆ ಬರುತ್ತಿದ್ದೇನೆ, ಏನಾಯಿತು ಅಂತ ಹೇಳಲೇಬೇಕು.

ಥರ್ಮಾಮೀಟರ್ ತಂದೆ. ಗುಂಡಿ 130ರಲ್ಲಿದ್ದಾಗ ಒಳಗೆ 105! ನೂರೈದರಲ್ಲಿ ಹನ್ನೆರಡು ನಿಮಿಷ ಅಂದರೆ ನನ್ನ ಎಸಳು ಬೆಂದೇ ಇರಲಿಲ್ಲ. ಈಗ ಗುಂಡಿಯನ್ನು ಎಲ್ಲಿಗೆ ತಿರುಗಿಸಿದರೆ 130 ನಿಲ್ಲುತ್ತದೆ ಅಂತ ಓವನ್ನಿನ ಮೇಲೆ ಬಿಳಿ ಗೆರೆ ಎಳೆದಿದ್ದೇನೆ.

ನಾದುಗೈ ಅವರು ಹೇಳಿದ ಹಾಗೆ ನಾಲ್ಕು ಪಟ್ಟಿ ಮಾಡಿದೆ. ಹಳೆಯ ಮೆದು ಕ್ಲೇ ಮೊದಲಿನ ಹಾಗೆ 12 ನಿಮಿಷ: ಬಗ್ಗಿಸುವ ಮೊದಲೇ ತುಂಡು. ಅದೇ ಕ್ಲೇ 130ರಲ್ಲಿ ಒಂದು ಗಂಟೆ: ಸುಮಾರಾಗಿ ಬಾಗಿತು, ಆಮೇಲೆ ಮುರಿಯಿತು, ಆದರೆ ಮುರಿದ ಜಾಗ ಈಗ ತರಿತರಿ ಇಲ್ಲ, ನಯವಾಗಿದೆ. ಪ್ರೀಮೋ ಒಂದು ಗಂಟೆ: ತುದಿಗೆ ತುದಿ ತಾಗುವ ತನಕ ಬಗ್ಗಿಸಿದೆ, ಬಿಟ್ಟ ಕೂಡಲೇ ನೆಟ್ಟಗಾಯಿತು. ಅರ್ಧಂಬರ್ಧ ಬೆರೆಸಿದ್ದು ಮುಕ್ಕಾಲು ಬಾಗಿ ಅಂಚಿನಲ್ಲಿ ಗೆರೆ ಬಿಟ್ಟಿತು. ಹಾಗಾಗಿ ಹಳೆಯ ಹತ್ತು ಬಣ್ಣವನ್ನು ಮಣಿಗಳ ಒಳತಿರುಳಿಗೆ ಬಳಸುತ್ತೇನೆ, ಮೇಲೆ ಕೇನಿನ ಬಿಲ್ಲೆ ಬರುತ್ತದೆ.

ಹೊಸ ಓಲೆ ಪ್ರೀಮೋದಲ್ಲಿ ಆಯಿತು. ಹಳೆಯ ಹೂವಿಗೂ ಎರಡು ಎಸಳು ಜೋಡಿಸಿ, ಹಿಂದೆ ತೇಪೆ ಕೊಟ್ಟು ಮತ್ತೆ ಬೇಯಿಸಿದೆ. ಎರಡನ್ನೂ ಅಕ್ಕನ ಮುಂದಿಟ್ಟೆ. ಅವಳು ಹಳೆಯದನ್ನು ತಿರುಗಿಸಿ ತೇಪೆಯನ್ನು ಬೆರಳಿನಿಂದ ಸವರಿ ನೋಡಿ, ಅದನ್ನೇ ಮೊದಲು ಹಾಕಿಕೊಂಡಳು. ಸ್ವೆಟರ್ ಹಾಕುವ ಮುಂಚೆ ಬಿಚ್ಚಿಡು ಅಂತ ಹೇಳಿದ್ದೇನೆ.

ಅಜ್ಜಿಯ ತಲೆಗೆ ಫಾಯಿಲ್ ಮೊಟ್ಟೆ ಸಿದ್ಧವಾಗಿದೆ. ಗೊಂಬೆಮನೆ ಅವರೇ, ಹುಬ್ಬಿನ ಕೂದಲನ್ನು ಕ್ಲೇಯಲ್ಲೇ ಗೀರುತ್ತೀರಾ, ಬೆಂದ ಮೇಲೆ ಬಣ್ಣದಲ್ಲಿ ಬರೆಯುತ್ತೀರಾ?

ಗೊಂಬೆಮನೆ:

ಅಜ್ಜಿಗೆ ಎರಡೂ ಮಾಡಿ. ಮೊದಲು ಸೂಜಿಯಿಂದ ಹಗುರಾಗಿ ಗೀರಿ. ಬೆಂದ ಮೇಲೆ ಬೂದು ಬಣ್ಣದ ಅಕ್ರಿಲಿಕ್ ನೀರಾಗಿ ಕಲಸಿ, ಹಚ್ಚಿ, ಕೂಡಲೇ ಒರೆಸಿಬಿಡಿ. ಗೀರಿನೊಳಗೆ ಉಳಿದಷ್ಟು ಸಾಕು.